ಕ್ಲಚ್ ಸುಟ್ಟಿದೆಯೇ? ಗೇರ್‌ಬಾಕ್ಸ್ ಇಳಿಸುವ ಮೊದಲು ನೋಡಬೇಕಾದ್ದು

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ನಡುದಾರಿಯಲ್ಲಿ ಕಮಟು ವಾಸನೆ ಮೂಗಿಗೆ ಬಡಿಯಿತೆಂದರೆ ‘ಕ್ಲಚ್ ಹೋಯ್ತು’ ಎಂದೇ ಹೆಚ್ಚಿನವರ ತೀರ್ಮಾನ. ಊರಿಗೆ ಬಂದು ಗ್ಯಾರೇಜಿನಲ್ಲಿ ಅದೇ ಮಾತು ಹೇಳಿದರೆ ಗೇರ್‌ಬಾಕ್ಸ್ ಕೆಳಗಿಳಿಯುವುದೂ ಖಚಿತ. ಆದರೆ ವಾಸನೆ ಬರುವುದು ಬೇರೆ, ಪ್ಲೇಟು ಹೋಗುವುದು ಬೇರೆ. ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟಿನ ಎರಡೂ ಬದಿಗೆ ಇರುವ ಲೈನಿಂಗ್ ಎಂದರೆ ನಾರು ಮತ್ತು ರೆಸಿನ್ ಸೇರಿಸಿ ಗಟ್ಟಿ ಮಾಡಿದ ಪದಾರ್ಥ. ವಿಪರೀತ ಕಾದಾಗ ಮೇಲ್ಪದರದ ರೆಸಿನ್ ಸುಡುತ್ತದೆ, ವಾಸನೆ ಬರುವುದು ಅದರಿಂದ. ಒಮ್ಮೆ ಹೀಗಾಗಿ ತಣಿದ ಪ್ಲೇಟು ಮತ್ತೆ ಸರಿಯಾಗಿ ಹಿಡಿದು ವರ್ಷಗಟ್ಟಲೆ ಓಡಬಹುದು. ವಾಸನೆಯೇ ಇಲ್ಲದೆ ಸವೆದು ಮುಗಿದಿರುವ ಪ್ಲೇಟೂ ಇರುತ್ತದೆ. ಹಾಗಾಗಿ ಮೂಗನ್ನು ನಂಬುವುದಕ್ಕಿಂತ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ) ಮುಳ್ಳನ್ನೂ ಪೆಡಲನ್ನೂ ನಂಬುವುದು ಲೇಸು.

ಘಾಟಿಯಲ್ಲೇ ವಾಸನೆ ಬಂದರೆ

ಅಗಲ ಇರುವ ಕಡೆ ಗಾಡಿ ಬದಿಗೆ ಹಾಕಿ. ಹೇರ್‌ಪಿನ್ ತಿರುವಿನ ಒಳಬದಿಯಲ್ಲಿ ಮಾತ್ರ ಬೇಡ, ಬಸ್ಸುಗಳಿಗೆ ತಿರುಗಲು ಅಲ್ಲಿನ ಪೂರ್ತಿ ಜಾಗ ಬೇಕು. ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್‌ಗೆ ತಂದು ಕ್ಲಚ್ ಪೆಡಲಿನಿಂದ ಕಾಲು ತೆಗೆಯಿರಿ. ಎಂಜಿನ್ ಉಷ್ಣಾಂಶ ಸರಿಯಿದ್ದರೆ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಿ. ಪೆಡಲ್ ಬಿಟ್ಟಾಗ ಪ್ಲೇಟು ಫ್ಲೈವೀಲಿನ (ಎಂಜಿನ್ ತಿರುಗಿಸುವ ಭಾರದ ಚಕ್ರದ) ಜೊತೆಗೇ ತಿರುಗುತ್ತದೆ, ಉಜ್ಜಾಟ ಇರುವುದಿಲ್ಲ, ಒಳಗೆ ಗಾಳಿಯೂ ಸ್ವಲ್ಪ ಆಡುತ್ತದೆ. ಆಮೇಲೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆಗೆದು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಡಿ. ನೀರು ಸುರಿಯುವ ಕೆಲಸ ಖಂಡಿತ ಬೇಡ. ಕಾದ ಎರಕದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಇಷ್ಟು ಹೊತ್ತು ಯಾಕೆ ಎನ್ನುವವರಿಗೆ ಒಂದು ಲೆಕ್ಕ. ಸಣ್ಣ ಪೆಟ್ರೋಲ್ ಕಾರಿನ ಎಂಜಿನ್ 100 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿದೆ, ಹಾಫ್ ಕ್ಲಚ್‌ನಲ್ಲಿ, ಅಂದರೆ ಪೆಡಲ್ ಅರ್ಧ ಒತ್ತಿದಾಗ, ಪ್ಲೇಟು ಫ್ಲೈವೀಲಿಗಿಂತ 1500 ಆರ್‌ಪಿಎಂ ಹಿಂದೆ ತಿರುಗುತ್ತಿದೆ ಎಂದುಕೊಳ್ಳಿ. ಆಗ ಅಲ್ಲಿ ಹುಟ್ಟುವ ಶಾಖ ಸುಮಾರು 15 ಕಿಲೋವ್ಯಾಟ್. ಬಕೆಟ್ಟಿನಲ್ಲಿ ನೀರು ಕಾಯಿಸುವ ಒಂದು ಕಿಲೋವ್ಯಾಟಿನ ಕಾಯಿಲುಗಳನ್ನು ಹದಿನೈದು ಒಟ್ಟಿಗೆ ಆ ಮುಚ್ಚಿದ ಡಬ್ಬಿಯೊಳಗೆ ಇಟ್ಟಷ್ಟು. ತಿರುವಿನಲ್ಲಿ ಎದುರು ಬಸ್ ಬಂತೆಂದು ಅರ್ಧ ನಿಮಿಷ ಗಾಡಿಯನ್ನು ಕ್ಲಚ್ಚಿನ ಮೇಲೇ ನಿಲ್ಲಿಸಿಕೊಂಡರೆ ಫ್ಲೈವೀಲೂ, ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟೂ ನೂರರ ಆಸುಪಾಸು ಡಿಗ್ರಿ ಏರಿಬಿಡುತ್ತವೆ. ಉಜ್ಜುವ ಮೇಲ್ಮೈಯಂತೂ ಅದಕ್ಕೂ ಹೆಚ್ಚು.

ತಣಿದ ಮೇಲೆ ಗಾಡಿ ಸಲೀಸಾಗಿ ಎದ್ದು ಹತ್ತಿದರೆ ನಿಧಾನವಾಗಿ ಮುಂದುವರಿಯಿರಿ. ಮತ್ತೆ ಕ್ಲಚ್ ಜಾರಲು, ಅಂದರೆ ಎಂಜಿನ್ ಮೊರೆದರೂ ಗಾಡಿ ಏಳದಿರಲು, ಶುರುವಾದರೆ ಏರು ಬಿಟ್ಟು ಸಮತಟ್ಟು ದಾರಿ ಹುಡುಕಿ, ಕಡಿಮೆ ಗೇರಿನಲ್ಲಿ ರೇಸ್ ಮೆತ್ತಗೆ ಕೊಟ್ಟು ಹತ್ತಿರದ ಊರು ಮುಟ್ಟಿಸಿ. ಅದೇ ವೇಗಕ್ಕೆ ಮೇಲಿನ ಗೇರಿನಲ್ಲಿ ಕ್ಲಚ್ಚಿನ ಮೇಲೆ ಬೀಳುವ ಹೊರೆ ಜಾಸ್ತಿ, ಅದಕ್ಕೇ ಜಾರುವ ಕ್ಲಚ್ಚು ಮೊದಲು ನಾಲ್ಕು, ಐದನೇ ಗೇರಿನಲ್ಲಿ ಸಿಕ್ಕಿಬೀಳುತ್ತದೆ. ಇಳಿಜಾರೇ ಅಲ್ಲವೇ, ತಾನಾಗಿ ಇಳಿಯುತ್ತದೆ ಎಂದು ಹುಲಿಕಲ್ ಘಾಟಿಯಲ್ಲಿ ಹೊಸಂಗಡಿ ಕಡೆಗೆ ಇಳಿಸಲು ಹೋಗಬೇಡಿ. ಕ್ಲಚ್ ಪೂರ್ತಿ ಕೈಬಿಟ್ಟರೆ ಎಂಜಿನ್ನಿನ ತಡೆ ಇರುವುದಿಲ್ಲ, ಇಡೀ ಘಾಟಿಯ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಆ ವಾಸನೆ ಕ್ಲಚ್ಚಿನದೇ ಹೌದೇ

ಬ್ರೇಕ್ ಪ್ಯಾಡ್ ಸುಟ್ಟ ವಾಸನೆಯೂ ಕ್ಲಚ್ಚಿನದೂ ಹೆಚ್ಚುಕಡಿಮೆ ಒಂದೇ, ಏಕೆಂದರೆ ಎರಡೂ ಒಂದೇ ಜಾತಿಯ ಪದಾರ್ಥ. ಇಳಿಯುವಾಗ ಬಂದರೆ ಬ್ರೇಕ್, ಹತ್ತುವಾಗ ಬಂದರೆ ಕ್ಲಚ್ ಎನ್ನುವುದು ಮೊದಲ ಅಂದಾಜು. ನಾಲ್ಕೂ ಚಕ್ರದ ಹತ್ತಿರ ಅಂಗೈ ಒಯ್ಯಿರಿ, ಮುಟ್ಟಬೇಡಿ. ಒಂದೇ ಚಕ್ರ ಉಳಿದವಕ್ಕಿಂತ ತುಂಬಾ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಸಿಕ್ಕಿಕೊಂಡಿದೆ. ಹಿಂದಿನ ಎರಡೂ ಬಿಸಿಯಿದ್ದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಬಿಡದೆ ಓಡಿಸಿದ್ದೀರಿ. ಬ್ರೇಕ್ ಹಿಡಿದ ಗಾಡಿಗೂ ‘ಎಳೆತ ಇಲ್ಲ’ ಎಂಬ ದೂರೇ ಇರುತ್ತದೆ, ಅದನ್ನು ಕ್ಲಚ್ಚಿನ ತಲೆಗೆ ಕಟ್ಟುವುದು ಸುಲಭ.

ಕಟ್ಟಿಕೊಂಡ ಹುಲ್ಲಿನ ಕಥೆ ಇನ್ನೊಂದು. ಶಿಕಾರಿಪುರ, ಸೊರಬ ಕಡೆ ಸುಗ್ಗಿಯಲ್ಲಿ ಕೆಲವರು ರಸ್ತೆಯ ಮೇಲೇ ಒಕ್ಕಣೆ ಮಾಡುತ್ತಾರೆ. ಆ ಹುಲ್ಲು ಚಕ್ರ ತಿರುಗಿಸುವ ಡ್ರೈವ್‌ಶಾಫ್ಟಿಗೆ ಸುತ್ತಿಕೊಂಡು ಸೈಲೆನ್ಸರಿಗೆ ತಾಗಿದರೆ ಹೊಗೆ ಬರುತ್ತದೆ, ಬೆಂಕಿಯೂ ಹತ್ತುತ್ತದೆ. ಹೊಗೆ ಕಂಡರೆ ಪರೀಕ್ಷೆ ಗಿರೀಕ್ಷೆ ಆಮೇಲೆ, ಮೊದಲು ಎಲ್ಲರನ್ನೂ ಇಳಿಸಿ. ಪ್ಲಾಸ್ಟಿಕ್ ಚೀಲ ಸೈಲೆನ್ಸರಿಗೆ ಅಂಟಿದ ವಾಸನೆ ಬೇರೆಯೇ, ಒಮ್ಮೆ ಮೂಸಿದವರಿಗೆ ಮರೆಯುವುದಿಲ್ಲ.

ಜಾರುತ್ತಿದೆಯೋ, ಎಂಜಿನ್ನಿಗೇ ಶಕ್ತಿ ಇಲ್ಲವೋ

ಇಡೀ ಪತ್ತೆಕಾರ್ಯದ ಗಂಟು ಇರುವುದು ಇಲ್ಲಿ. ಗಾಡಿ ಏರು ಹತ್ತುತ್ತಿಲ್ಲ ಎಂದಾಗ ಎರಡು ಸಾಧ್ಯತೆ. ರೇಸ್ ಕೊಟ್ಟಾಗ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ: ಕ್ಲಚ್ ಜಾರುತ್ತಿದೆ. ಆರ್‌ಪಿಎಮ್ಮೂ ಏರುವುದಿಲ್ಲ, ವೇಗವೂ ಏರುವುದಿಲ್ಲ: ಕ್ಲಚ್ ಗಟ್ಟಿಯಾಗಿಯೇ ಇದೆ, ಎಂಜಿನ್ ಸೋತಿದೆ. ಆಗ ನೋಡಬೇಕಾದ್ದು ಏರ್ ಫಿಲ್ಟರ್, ಡೀಸೆಲ್ ಗಾಡಿಯಾದರೆ ಫ್ಯುಯೆಲ್ ಫಿಲ್ಟರಿನಲ್ಲಿ ನಿಂತ ನೀರು, ಟರ್ಬೊ ಪೈಪಿನ ಸೀಳು.

ಒಂದು ಗೇರಿನಲ್ಲಿ ವೇಗ ಮತ್ತು ಆರ್‌ಪಿಎಂ ಯಾವಾಗಲೂ ಒಂದೇ ಪ್ರಮಾಣದಲ್ಲಿರಬೇಕು. ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗಕ್ಕೆ ನಿಮ್ಮ ಗಾಡಿ 1600 ಆರ್‌ಪಿಎಂ ತೋರಿಸಿದರೆ 50ಕ್ಕೆ 2000, 60ಕ್ಕೆ 2400 ತೋರಿಸಲೇಬೇಕು. ಶಿವಮೊಗ್ಗ–ಭದ್ರಾವತಿ ರಸ್ತೆಯಂಥ ಸಮತಟ್ಟು ಜಾಗದಲ್ಲಿ, ಹಿಂದೆ ಗಾಡಿ ಇಲ್ಲದಾಗ, ಪಕ್ಕದಲ್ಲೊಬ್ಬರನ್ನು ಮುಳ್ಳು ನೋಡಲು ಕೂರಿಸಿಕೊಂಡು, ನಾಲ್ಕನೇ ಗೇರಿನಲ್ಲಿ 40ರಲ್ಲಿ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ 45 ದಾಟುವ ಮೊದಲೇ ಮುಳ್ಳು 2800ಕ್ಕೆ ಹಾರಿದರೆ ಸಂಶಯವೇ ಬೇಡ. ಟರ್ಬೊ ಡೀಸೆಲ್ಲಿನಲ್ಲಿ 1800–2000ರ ಹತ್ತಿರ, ಟರ್ಬೊ ಒದೆಯುವ ಹೊತ್ತಿನಲ್ಲಿ ಮೊದಲು ಜಾರುತ್ತದೆ. ಆರ್‌ಪಿಎಂ ಮೀಟರೇ ಇಲ್ಲದ ಗಾಡಿಯಾದರೆ ಎಂಜಿನ್ನಿನ ಸದ್ದು ಸಾಕು, ಕಿವಿಗೆ ಗೊತ್ತಾಗುತ್ತದೆ. ಒಂದು ಎಚ್ಚರ: ಪಾಚಿಗಟ್ಟಿದ ಒದ್ದೆ ರಸ್ತೆಯಲ್ಲಿ, ಕೆಸರಿನಲ್ಲಿ ಈ ಪರೀಕ್ಷೆ ಮಾಡಬೇಡಿ. ಟಯರ್ ಜಾರಿದರೂ ಮುಳ್ಳು ಹಾರುತ್ತದೆ.

ರಸ್ತೆಗೆ ಒಯ್ಯಲಾಗದಿದ್ದರೆ ನಿಂತಲ್ಲೇ ಮಾಡುವ ಪರೀಕ್ಷೆ ಇದೆ. ಸಮತಟ್ಟು ನೆಲ, ಮುಂದೆ ಯಾರೂ ಇರಬಾರದು, ಚಕ್ರಗಳಿಗೆ ಕಲ್ಲು, ಗಟ್ಟಿ ಹಿಡಿಯುವ ಹ್ಯಾಂಡ್‌ಬ್ರೇಕ್. ನಾಲ್ಕನೇ ಗೇರ್ ಹಾಕಿ, 1500ರಿಂದ 2000 ಆರ್‌ಪಿಎಂ ರೇಸ್ ಕೊಟ್ಟು, ಪೆಡಲನ್ನು ಎರಡು ಮೂರು ಸೆಕೆಂಡಿನಲ್ಲಿ ಪೂರ್ತಿ ಬಿಡಿ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ತಟ್ಟನೆ ನಿಲ್ಲುತ್ತದೆ. ಪೆಡಲ್ ಪೂರ್ತಿ ಬಿಟ್ಟ ಮೇಲೂ ಓಡುತ್ತಲೇ ಇದ್ದರೆ ಹಿಡಿತ ಹೋಗಿದೆ, ಕೂಡಲೇ ಮತ್ತೆ ಒತ್ತಿ ಎಂಜಿನ್ ನಿಲ್ಲಿಸಿ. ಇದು ಒಂದೇ ಸಲ ಮಾಡುವ ಪರೀಕ್ಷೆ. ಪಕ್ಕದ ಮನೆಯವರಿಗೆ, ಮೆಕ್ಯಾನಿಕ್ಕಿಗೆ, ಭಾವನಿಗೆ ಅಂತ ನಾಲ್ಕು ಸಲ ತೋರಿಸಿದರೆ ಉಳಿದಿದ್ದ ಲೈನಿಂಗೂ ಸುಡುತ್ತದೆ. ಬಟನ್ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರುಗಳಲ್ಲಿ ಇದು ಬೇಡವೇ ಬೇಡ, ಗಾಡಿ ಹೊರಡುತ್ತಿದೆ ಎಂದು ತಿಳಿದು ಬ್ರೇಕ್ ತಾನೇ ಬಿಟ್ಟುಬಿಡಬಹುದು.

ಪೆಡಲ್, ಕೇಬಲ್, ಫ್ಲೂಯಿಡ್

ಜಾರುವುದು ಖಚಿತವಾದ ಮೇಲೂ ಪ್ಲೇಟೇ ಕಾರಣ ಎಂದು ಹೇಳಲು ಇನ್ನೂ ಕಾಲವಾಗಿಲ್ಲ. ಕೇಬಲ್ ಕ್ಲಚ್ಚಿನ ಗಾಡಿಯಲ್ಲಿ ಎಂಜಿನ್ ನಿಲ್ಲಿಸಿ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಬಿಗಿ ಸಿಗುವ ಮೊದಲು ಒಂದಿಷ್ಟು ಸಡಿಲ ಆಟ ಇರಬೇಕು. ಹಲವು ಕಾರುಗಳಲ್ಲಿ 10ರಿಂದ 25 ಮಿ.ಮೀ. ಒಳಗೆ ಇರುತ್ತದೆ, ನಿಮ್ಮ ಗಾಡಿಯ ಅಳತೆಯನ್ನು ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಪ್ಲೇಟು ಸವೆದಂತೆ ಈ ಆಟ ಕಡಿಮೆಯಾಗುತ್ತ ಬರುತ್ತದೆ. ಪೂರ್ತಿ ಸೊನ್ನೆಯಾದರೆ ನೀವು ಕಾಲಿಡದಿದ್ದರೂ ಕೇಬಲ್ಲೇ ಕ್ಲಚ್ಚನ್ನು ಸದಾ ಚೂರು ಒತ್ತಿಕೊಂಡಿರುತ್ತದೆ, ಪ್ಲೇಟು ಜಾರುತ್ತದೆ. ಗೇರ್‌ಬಾಕ್ಸ್ ಕಡೆಯ ಕೇಬಲ್ ತುದಿಯಲ್ಲಿರುವ ಅಡ್ಜಸ್ಟಿಂಗ್ ನಟ್ಟನ್ನು ಸಡಿಲಿಸಿ ಆಟ ಕೊಟ್ಟು ಮತ್ತೆ ಓಡಿಸಿ ನೋಡಿ. ಹತ್ತು ನಿಮಿಷದ ಕೆಲಸ. ಜಾರುವುದು ನಿಂತರೆ ಪ್ಲೇಟಿಗೆ ಇನ್ನೂ ಆಯುಸ್ಸಿದೆ. ನಟ್ ತಿರುಗಿಸಲು ಥ್ರೆಡ್ಡೇ ಉಳಿದಿಲ್ಲವಾದರೆ ಪ್ಲೇಟಿನದೂ ಅದೇ ಸ್ಥಿತಿ ಎಂದು ತಿಳಿಯಿರಿ. ತಾನೇ ಹೊಂದಿಕೊಳ್ಳುವ ಕೇಬಲ್ ಇರುವ ಮಾದರಿಗಳಲ್ಲಿ ಈ ನಟ್ ಇರುವುದಿಲ್ಲ.

ಕೇಬಲ್ ಬದಲು ಫ್ಲೂಯಿಡ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಪೆಡಲಿನ ಕಡೆಯ ಮಾಸ್ಟರ್ ಸಿಲಿಂಡರಿನಲ್ಲಿ ಫ್ಲೂಯಿಡ್ ವಾಪಸ್ ಹೋಗುವ ಸಣ್ಣ ರಂಧ್ರ ಕಟ್ಟಿಕೊಂಡರೆ, ಅಥವಾ ಯಾರೋ ಸಿಲಿಂಡರನ್ನು ಒತ್ತುವ ಪುಶ್‌ರಾಡ್ ಉದ್ದ ಮಾಡಿದ್ದರೆ, ಪೆಡಲ್ ಬಿಟ್ಟರೂ ಒತ್ತಡ ಪೈಪಿನಲ್ಲೇ ಉಳಿಯುತ್ತದೆ. ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ ಫ್ಲೂಯಿಡ್ ಹೊರಬಿಡುವ ಬ್ಲೀಡರ್ ನಿಪ್ಪಲನ್ನು ಒಂದು ಕ್ಷಣ ಸಡಿಲಿಸಿ ಬಿಗಿ ಮಾಡಿ. ಒತ್ತಡ ಇದ್ದರೆ ಫ್ಲೂಯಿಡ್ ಚಿಮ್ಮುತ್ತದೆ, ಆಮೇಲೆ ಕ್ಲಚ್ ಸರಿಯಾಗಿ ಹಿಡಿಯುತ್ತದೆ. ಹಾಗಾದರೆ ಗೇರ್‌ಬಾಕ್ಸ್ ಮುಟ್ಟಬೇಡಿ, ಮಾಸ್ಟರ್ ಸಿಲಿಂಡರ್ ನೋಡಿ. ಈ ಒಂದು ಪರೀಕ್ಷೆ ಮಾಡುವ ಗ್ಯಾರೇಜು ಅಪರೂಪ, ಕೇಳಿ ಮಾಡಿಸಿಕೊಳ್ಳಿ. ಫ್ಲೂಯಿಡ್ ಕಡಿಮೆಯಾಗುತ್ತಿದ್ದರೆ ಅದು ಬೇರೆ ದೋಷ: ಪೆಡಲ್ ಮೆತ್ತಗಾಗಿ ಗೇರ್ ಬೀಳುವುದಿಲ್ಲ, ಜಾರುವುದಿಲ್ಲ. ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೆ ಫ್ಲೂಯಿಡ್ಡಿನ ದರ್ಜೆ ಡಾಟ್ 3 ಎಂದಿದೆಯೋ ಡಾಟ್ 4 ಎಂದಿದೆಯೋ ನೋಡಿ ಅದನ್ನೇ ಹಾಕಿ. ಹಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ.

ಗೇರ್ ಬೀಳದೆ ಕರಕರ ಎನ್ನುವ ದೋಷವನ್ನೂ ಜನ ‘ಕ್ಲಚ್ ಸುಟ್ಟಿದೆ’ ಲೆಕ್ಕಕ್ಕೇ ಸೇರಿಸುತ್ತಾರೆ. ಅದು ತದ್ವಿರುದ್ಧದ ದೋಷ, ಕ್ಲಚ್ ಬಿಡುತ್ತಿಲ್ಲ ಎಂದರ್ಥ. ಐಡಲ್‌ನಲ್ಲಿ ಪೆಡಲ್ ಪೂರ್ತಿ ಒತ್ತಿ, ಐದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಕಾದ ಮೇಲೂ ಕರಕರ ಎಂದರೆ ಕೇಬಲ್ ಆಟ ಜಾಸ್ತಿಯಾಗಿದೆ, ಫ್ಲೂಯಿಡ್‌ನಲ್ಲಿ ಗಾಳಿ ಸೇರಿದೆ, ಅಥವಾ ಪೆಡಲಿನ ಕೆಳಗೆ ದಪ್ಪ ಮ್ಯಾಟ್ ಸಿಕ್ಕಿಕೊಂಡಿದೆ. ನಗಬೇಡಿ, ಮಳೆಗಾಲದಲ್ಲಿ ಮ್ಯಾಟಿನ ಮೇಲೆ ಮ್ಯಾಟ್ ಹಾಸಿದ ಗಾಡಿಗಳಲ್ಲಿ ಇದು ಸಾಮಾನ್ಯ.

ಮಳೆಗಾಲದ ಕಾಯಿಲೆಗಳು

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಹೊಸನಗರ, ತೀರ್ಥಹಳ್ಳಿ ಕಡೆ ಶೆಡ್ಡಿನಲ್ಲಿ ಒಂದೆರಡು ತಿಂಗಳು ಹಾಗೇ ನಿಂತ ಕಾರಿನ ಫ್ಲೈವೀಲು ತುಕ್ಕು ಹಿಡಿದು ಪ್ಲೇಟು ಅದಕ್ಕೇ ಅಂಟಿಕೊಳ್ಳುವುದುಂಟು. ಲಕ್ಷಣ ಸ್ಪಷ್ಟ: ಪೆಡಲ್ ಮಾಮೂಲಿನಂತಿದೆ, ಎಂಜಿನ್ ಬಂದಾಗಿದ್ದರೆ ಎಲ್ಲ ಗೇರೂ ಬೀಳುತ್ತದೆ, ಎಂಜಿನ್ ಓಡುವಾಗ ಯಾವುದೂ ಬೀಳುವುದಿಲ್ಲ, ಗೇರ್ ಹಾಕಿ ಸ್ಟಾರ್ಟ್ ಮಾಡಿದರೆ ಪೆಡಲ್ ಒತ್ತಿದ್ದರೂ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಬಿಡಿಸಲು ಎದುರಿಗೆ 30–40 ಮೀಟರ್ ಖಾಲಿ ಜಾಗ ಬೇಕು. ಹತ್ತು ಹದಿನೈದು ನಿಮಿಷ ಎಂಜಿನ್ ಕಾಯಿಸಿ ನಿಲ್ಲಿಸಿ. ಎರಡನೇ ಗೇರ್ ಹಾಕಿ, ಪೆಡಲ್ ಪೂರ್ತಿ ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಗಾಡಿ ಚಲಿಸುತ್ತಿದ್ದಂತೆ ಪೆಡಲ್ ಬಿಡದೆ ರೇಸ್ ಕೊಟ್ಟು ತೆಗೆದು, ಕೊಟ್ಟು ತೆಗೆದು ಜಗ್ಗಿಸಿ, ಬ್ರೇಕ್ ಸ್ವಲ್ಪ ಒತ್ತಿ. ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ. ಎರಡು ಮೂರು ಸಲಕ್ಕೂ ಬಿಡದಿದ್ದರೆ ಒತ್ತಾಯ ಬೇಡ, ಲೈನಿಂಗ್ ಕಿತ್ತು ಬರುತ್ತದೆ. ಗಾಡಿ ನಿಲ್ಲಿಸಿಡುವವರು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಪೆಡಲ್ ಹತ್ತು ಸಲ ಒತ್ತಿಬಿಟ್ಟರೆ ಸಾಕು. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಪೆಡಲನ್ನು ಒತ್ತಿ ಹಿಡಿದಿಡುವ ಕೊಂಡಿಯೇ ಇರುವುದು ಇದಕ್ಕೆ.

ಹಳ್ಳ ದಾಟಿದ ಮೇಲೆ ಕ್ಲಚ್ ಜಾರುವುದು, ಹೊರಡುವಾಗ ನಡುಗುವುದು ಕಂಡರೆ ಒಳಗೆ ನೀರು ಹೋಗಿದೆ. ಸ್ವಲ್ಪ ದೂರ ಓಡಿಸಿದರೆ ಒಣಗುತ್ತದೆ. ಕೆಸರು ನೀರು ಹೋಗಿದ್ದರೆ ಮಣ್ಣು, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನಲ್ಲಿ ಕೂತು ಕೆಲವು ವಾರದಲ್ಲಿ ಕಿರುಗುಡಲು ಶುರುವಾಗುತ್ತದೆ. ಪೆಡಲ್ ಒತ್ತಿದಾಗ ಬರುವ ಸದ್ದು ರಿಲೀಸ್ ಬೇರಿಂಗಿನದು. ನ್ಯೂಟ್ರಲ್‌ನಲ್ಲಿ ಬಂದು, ಪೆಡಲ್ ಒತ್ತಿದರೆ ನಿಲ್ಲುವ ಸದ್ದು ಪ್ಲೇಟಿನಿಂದ ಗೇರ್‌ಬಾಕ್ಸಿಗೆ ಹೋಗುವ ಇನ್‌ಪುಟ್ ಶಾಫ್ಟಿನ ಬೇರಿಂಗಿನದು.

ಗಾಡಿ ಕದಲುವುದೇ ಇಲ್ಲ ಎಂದರೆ

ಎಂಜಿನ್ ಓಡುತ್ತದೆ, ಗೇರ್ ಬೀಳುತ್ತದೆ, ಗಾಡಿ ನಿಂತಲ್ಲೇ ಇದೆ. ಕೂಡಲೇ ಕ್ಲಚ್ ಎನ್ನಬೇಡಿ. ಡ್ರೈವ್‌ಶಾಫ್ಟ್ ಕಳಚಿದ್ದರೂ ಹೀಗೇ ಆಗುತ್ತದೆ. ಕೆಳಗೆ ಬಗ್ಗಿ ನೋಡಿದರೆ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದ್ದು, ಶಾಫ್ಟ್ ಜೋತಿದ್ದು ಕಾಣುತ್ತದೆ. ಗೇರ್‌ಬಾಕ್ಸಿನಲ್ಲಿ ಸ್ಪೀಡ್ ಸೆನ್ಸರ್ ಇರುವ ಕಾರಾದರೆ ನಿಂತ ಗಾಡಿಯಲ್ಲೇ ಸ್ಪೀಡೋಮೀಟರ್ ಮುಳ್ಳು ಏಳುತ್ತದೆ. ಗೇರ್ ಲಿವರಿನ ಕೇಬಲ್ ಕೊಂಡಿ ಕಳಚಿದ್ದರೆ ಲಿವರ್ ಮಾತ್ರ ಆಡುತ್ತದೆ, ಒಳಗೆ ಗೇರ್ ಬೀಳುವುದೇ ಇಲ್ಲ.

ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆಯೇ ಎಂದೂ ಅದೇ ಹೊತ್ತಿಗೆ ನೋಡಿಬಿಡಿ. ದಪ್ಪಗಿದ್ದು ಗಂಧಕದ ಘಾಟು ಬಂದರೆ ಗೇರ್ ಆಯಿಲ್, ಇನ್‌ಪುಟ್ ಶಾಫ್ಟ್ ಸೀಲ್ ಹೋಗಿದೆ. ತೆಳ್ಳಗೆ ಕಪ್ಪಗಿದ್ದರೆ ಎಂಜಿನ್ ಆಯಿಲ್, ಕ್ರ್ಯಾಂಕಿನ ಹಿಂದಿನ ಸೀಲ್. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು, ಸ್ಯಾಂಡ್‌ಪೇಪರ್ ಹಾಕಿ ವಾಪಸ್ ಜೋಡಿಸುವುದು ದುಡ್ಡು ಉಳಿಸುವ ದಾರಿಯಲ್ಲ. ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಗೇರ್‌ಬಾಕ್ಸ್ ಇಳಿದ ಮೇಲೆ

ನೀವೂ ಎದುರಿಗಿರಿ. ಪ್ಲೇಟಿನ ರಿವೆಟ್ ತಲೆಗಿಂತ ಲೈನಿಂಗ್ ಎಷ್ಟು ಎತ್ತರ ಉಳಿದಿದೆ ಎಂದು ವರ್ನಿಯರ್‌ನಲ್ಲಿ ಅಳೆಸಿ, ಸಾಮಾನ್ಯವಾಗಿ 0.3 ಮಿ.ಮೀ.ಗಿಂತ ಕಡಿಮೆಯಾದರೆ ಬದಲಿಸಬೇಕು. ಲೈನಿಂಗ್ ದಪ್ಪವಿದ್ದೂ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಕಾದು ಗಾಜುಗಟ್ಟಿದ್ದು, ಅದೂ ಉಪಯೋಗಕ್ಕಿಲ್ಲ. ನಡುವಿನ ಸ್ಪ್ರಿಂಗುಗಳು ಸಡಿಲವಾಗಿ ಕಟಕಟ ಎನ್ನಬಾರದು. ಪ್ರೆಷರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗಿನ ಬೆರಳಿನಂಥ ಪಟ್ಟಿಗಳ ತುದಿ ಒಂದೇ ಮಟ್ಟದಲ್ಲಿರಬೇಕು. ಫ್ಲೈವೀಲಿನಲ್ಲಿ ಅಲ್ಲಲ್ಲಿ ನೀಲಿ ಕಲೆಗಳಿದ್ದರೆ ಅಲ್ಲಿ ಕಬ್ಬಿಣ ಗಡುಸಾಗಿದೆ, ಹಾಗೇ ಬಿಟ್ಟರೆ ಹೊಸ ಪ್ಲೇಟೂ ನಡುಗುತ್ತದೆ. ಕಂಪನಿ ಹೇಳಿದ ಮಿತಿಯೊಳಗೆ ಮೇಲ್ಮೈ ಹದ ಮಾಡಿಸಬಹುದು. ಉಗುರಿಗೆ ಸಿಕ್ಕುವ ಬಿರುಕಿದ್ದರೆ ಬದಲಿಸಿ. ಡೀಸೆಲ್ ಕಾರುಗಳಲ್ಲಿ ಹಲವಕ್ಕೆ ಎರಡು ಪದರದ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ, ಅದನ್ನು ಲೇತಿಗೆ ಕೊಡುವಂತಿಲ್ಲ.

ಬದಲಿಸುವಾಗ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಹಾಕಿಸಿ. ಬೇರಿಂಗ್ ಚೆನ್ನಾಗಿದೆ ಎಂದು ಹಳೆಯದನ್ನೇ ಬಿಟ್ಟು, ಆರು ತಿಂಗಳಿಗೆ ಅದು ಕೂಗಿದರೆ ಮತ್ತದೇ ಇಳಿಸುವ ಕೂಲಿ. ಗೇರ್‌ಬಾಕ್ಸಿನ ಒಳಗೇ ಸ್ಲೇವ್ ಸಿಲಿಂಡರ್ (ಫ್ಲೂಯಿಡ್ ಒತ್ತಡದಿಂದ ರಿಲೀಸ್ ಬೇರಿಂಗನ್ನು ತಳ್ಳುವ ಭಾಗ) ಇರುವ ಮಾದರಿಯಾದರೆ ಅದನ್ನೂ ಸೇರಿಸಿ. ಹಳೆ ಪ್ಲೇಟಿಗೆ ಹೊಸ ಲೈನಿಂಗ್ ರಿವೆಟ್ ಹೊಡೆಸುವುದು ಲಾರಿ, ಟ್ರ್ಯಾಕ್ಟರಿಗೆ ನಡೆದೀತು, ಕಾರಿಗೆ ಬೇಡ.

ಜೋಡಣೆಯಲ್ಲಿ ತಪ್ಪುವ ಕಡೆಗಳು ಇವು. ಹೊಸ ಪ್ರೆಷರ್ ಪ್ಲೇಟಿಗೆ ತುಕ್ಕು ಹಿಡಿಯದಂತೆ ಹಚ್ಚಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸದೆ ಹಾಕುವುದು. ಪ್ಲೇಟನ್ನು ಹಿಂದುಮುಂದಾಗಿ ಇಡುವುದು. ಫ್ಲೈವೀಲ್ ಬದಿ ಎಂಬ ಗುರುತು ನೋಡಲೇಬೇಕು. ಪ್ಲೇಟು ಕೂರುವ ಶಾಫ್ಟಿನ ಹಲ್ಲುಗಳಿಗೆ, ಅಂದರೆ ಸ್ಪ್ಲೈನಿಗೆ, ಗ್ರೀಸ್ ಮೆತ್ತುವುದು. ತೆಳು ಲೇಪ ಸಾಕು, ಹೆಚ್ಚಾದದ್ದು ಸಿಡಿದು ಲೈನಿಂಗಿಗೆ ಬೀಳುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿಯದೆ ಒಂದು ಬದಿಯಿಂದ ಪೂರ್ತಿ ಬಿಗಿಯುವುದು. ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರವನ್ನೆಲ್ಲ ಇನ್‌ಪುಟ್ ಶಾಫ್ಟಿನ ಮೇಲೆ ಜೋತುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ಹೊಸ ಪ್ಲೇಟಿನ ನಡುಭಾಗ ಅಲ್ಲೇ ಬಾಗುತ್ತದೆ. ಕೆಳಗೆ ಜ್ಯಾಕ್ ಇರಲೇಬೇಕು.

ಮತ್ತೆ ಸುಡದಿರಲು

ಸಣ್ಣ ಕಾರು ಮೊದಲ ಗೇರಿನಲ್ಲಿ, ಕ್ಲಚ್ ಪೂರ್ತಿ ಬಿಟ್ಟು, ಐಡಲ್‌ನಲ್ಲಿ ಗಂಟೆಗೆ ಆರೇಳು ಕಿ.ಮೀ. ಹೋಗುತ್ತದೆ. ಅದಕ್ಕಿಂತ ನಿಧಾನ ಹೋಗಬೇಕೆಂದರೆ ಕ್ಲಚ್ ಜಾರಿಸಲೇಬೇಕು. ವಾರಾಂತ್ಯದಲ್ಲಿ ಆಗುಂಬೆಯಲ್ಲೋ ಜೋಗದ ದಾರಿಯಲ್ಲೋ ಸಾಲು ಕಟ್ಟಿದಾಗ ಮುಂದಿನ ಗಾಡಿಗೆ ಅಂಟಿಕೊಂಡು ತೆವಳುವ ಬದಲು ಹ್ಯಾಂಡ್‌ಬ್ರೇಕ್ ಹಾಕಿ ನಿಂತು, ಹತ್ತು ಮೀಟರ್ ಖಾಲಿಯಾದ ಮೇಲೆ ಒಂದೇ ಏಟಿಗೆ ಹೋಗಿ. ಇಕ್ಕಟ್ಟಾದ ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ, ಬಿಡದಿದ್ದರೆ ತಿರುವಿನ ಕೆಳಗೇ ನಿಲ್ಲಿ. ಗೇರ್ ತಾನೇ ಬದಲಾಗುವ ಎಎಂಟಿ ಕಾರುಗಳಲ್ಲೂ ಇರುವುದು ಇದೇ ಕ್ಲಚ್ಚು. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಂಡರೆ ಅದೂ ಸುಡುತ್ತದೆ. ಕೊಡಚಾದ್ರಿಯ ಜೀಪ್ ದಾರಿಗೆ ಕಾರು ತಿರುಗಿಸುವವರಿಗೆ ಹೇಳುವುದೇನೂ ಇಲ್ಲ.

ಮಲೆನಾಡಿನ ಮನೆಗಳದ್ದು ಇನ್ನೊಂದು ಪಾಡು: ರಸ್ತೆ ಮೇಲೆ, ಮನೆ ಕೆಳಗೆ, ನಡುವೆ ಕಡಿದಾದ ಮಣ್ಣಿನ ಉಬ್ಬು. ದಿನಾ ಬೆಳಿಗ್ಗೆ ರಿವರ್ಸಿನಲ್ಲಿ ಕತ್ತು ತಿರುಗಿಸಿಕೊಂಡು ಹಾಫ್ ಕ್ಲಚ್‌ನಲ್ಲಿ ಹತ್ತಿಸುವುದರಿಂದ ಸವೆಯುವಷ್ಟು ಕ್ಲಚ್ ಘಾಟಿಯಲ್ಲೂ ಸವೆಯುವುದಿಲ್ಲ. ಬೇಸಿಗೆಯಲ್ಲಿ ಸಂಜೆಯೇ ಹಿಮ್ಮುಖವಾಗಿ ಇಳಿಸಿಟ್ಟು ಬೆಳಿಗ್ಗೆ ಮೊದಲ ಗೇರಿನಲ್ಲಿ ಹತ್ತಿಸಿ, ಕ್ಲಚ್ ಬೇಗ ಪೂರ್ತಿ ಬಿಡಬಹುದು. ಮಳೆಗಾಲಕ್ಕೆ ಮಾತ್ರ ಇದು ತಲೆಕೆಳಗು. ಮುಂದಿನ ಚಕ್ರ ಎಳೆಯುವ ಕಾರು ಮುಂದಾಗಿ ಹತ್ತುವಾಗ ಭಾರ ಹಿಂದಕ್ಕೆ ಹೋಗಿ ಮುಂಚಕ್ರ ಕೆಸರಲ್ಲಿ ಸುತ್ತುತ್ತದೆ, ರಿವರ್ಸಿನಲ್ಲಿ ಹಿಡಿತ ಚೆನ್ನಾಗಿರುತ್ತದೆ. ಚಕ್ರ ಹೂತರೆ ರೇಸ್ ಕೊಡುತ್ತ ಹಾಫ್ ಕ್ಲಚ್ ಆಡಿಸಬೇಡಿ. ಇಳಿದು ಸೊಪ್ಪು, ಜಲ್ಲಿ, ಹಳೆ ಗೋಣಿ ಏನಾದರೂ ಚಕ್ರದಡಿ ಕೊಟ್ಟು ಎಬ್ಬಿಸಿ.

ಹೊಸ ಪ್ಲೇಟು ಹಾಕಿದ ಮೊದಲ 300ರಿಂದ 500 ಕಿ.ಮೀ. ಪೂರ್ತಿ ಲೋಡು, ಘಾಟಿ, ಗಾಡಿ ಎಳೆಯುವುದು ಬೇಡ. ಅಷ್ಟು ಓಡಿದ ಮೇಲೆ ಕೇಬಲ್ ಗಾಡಿಯಾದರೆ ಪೆಡಲ್ ಆಟವನ್ನು ಇನ್ನೊಮ್ಮೆ ಅಳೆಯಿರಿ. ಹೊಸ ಲೈನಿಂಗ್ ಕೂತುಕೊಂಡಾಗ ಆಟ ಬದಲಾಗುತ್ತದೆ, ಆಗಲೇ ನಟ್ ಹೊಂದಿಸಿಕೊಳ್ಳಬೇಕು.